ಸೀಟು ನಿಮ್ಮದೇ, ನಿಯಮ ತಿಳಿದು ಕೇಳಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಊರವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬಂತು? ಯಾವ ಕಾಲೇಜು? ‘ಈ ಕಾಂಬಿನೇಷನ್ ತಗೊಂಡರೆ ಮುಂದೆ ಯಾವ ಕೋರ್ಸಿಗೆ ಅರ್ಹತೆ ಸಿಗುತ್ತದೆ?’ ಎಂದು ಕೇಳುವವರು ವಿರಳ. ಗೆಳೆಯರೇ, ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು, ಅದೂ ಈಗಲೇ.

ಆ ಕೋರ್ಸುಗಳನ್ನು ಕಲಿಸುವ ಸಂಸ್ಥೆಗಳು ಯಾರವು ಎಂಬುದನ್ನು ಮೊದಲು ನೋಡಿ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟಿತು. ಮರುವರ್ಷವೇ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದಿನ ಯುವಿಸಿಇ ಅದೇ. ಇಂಥ ಸಂಸ್ಥೆಗಳು ನಡೆಯುವುದು ಜನರ ತೆರಿಗೆ ದುಡ್ಡಿನಿಂದ. ಅಲ್ಲಿನ ಸೀಟು ಯಾರೋ ಕೊಡುವ ದಾನವಲ್ಲ, ಅರ್ಹತೆ ಗಳಿಸಿದವರ ಹಕ್ಕು.

ಹಾಗಾದರೆ ಅರ್ಹತೆ ಎಂದರೇನು? ಎಂಜಿನಿಯರಿಂಗ್‌ಗೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ. ಜೊತೆಗೆ ರಸಾಯನಶಾಸ್ತ್ರದಂಥ ಇನ್ನೊಂದು ವಿಷಯ ಬೇಕು. ಈ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಮೀಸಲು ವರ್ಗದವರಿಗೆ ಶೇ 40 ಅಂಕ ಸಾಕು. ಪಶುವೈದ್ಯ ಆಗಬೇಕೆನ್ನುವವರು ಜೀವಶಾಸ್ತ್ರ ಬಿಡುವಂತಿಲ್ಲ. ಗೆಳೆಯ ತಗೊಂಡನೆಂದು ಜೀವಶಾಸ್ತ್ರವಿಲ್ಲದ ಪಿಸಿಎಂಸಿ ತಗೊಂಡವರಿಗೆ ಎರಡು ವರ್ಷದ ನಂತರ ಆ ಬಾಗಿಲು ತೆರೆಯುವುದಿಲ್ಲ. ಜಾಣತನ ಕಡಿಮೆಯಾಗಿ ಅಲ್ಲ, ಮಾಹಿತಿ ಕಡಿಮೆಯಾಗಿ ಸೀಟು ಕಳಕೊಳ್ಳುವುದು ಎಂಥ ನಷ್ಟ!

ಎಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕವನ್ನೂ ಅರಿತುಕೊಳ್ಳಿ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಅಂಕಕ್ಕೆ ಇನ್ನರ್ಧ. ಪಿಯುಸಿಯಲ್ಲಿ 300ಕ್ಕೆ 270 ಪಡೆದವರ ಖಾತೆಗೆ ಆಗಲೇ 45 ಜಮೆಯಾಯಿತು. ಸಿಇಟಿಯಲ್ಲಿ 180ಕ್ಕೆ 90 ಬಂದರೆ 25 ಸೇರಿ ಒಟ್ಟು 70. ದುಬಾರಿ ಕೋಚಿಂಗ್‌ಗೆ ಹೋಗಲಾಗಲಿಲ್ಲ ಎಂದು ಕೊರಗುವವರೇ, ನಿಮ್ಮ ಸರ್ಕಾರಿ ಕಾಲೇಜಿನ ಲೆಕ್ಚರರ್ ಬೋರ್ಡಿನ ಮೇಲೆ ಬಿಡಿಸುವ ಲೆಕ್ಕದಲ್ಲೇ ಅರ್ಧ ರ‍್ಯಾಂಕ್ ಇದೆ. ಒಂದು ಪಾಠವನ್ನೂ ತಪ್ಪಿಸಬೇಡಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಹಳ್ಳಿಯಲ್ಲಿ ಓದಿದ್ದಕ್ಕೆ, ಕನ್ನಡ ಮಾಧ್ಯಮದಲ್ಲಿ ಕಲಿತಿದ್ದಕ್ಕೆ ಕುಗ್ಗುವವರು ಇದನ್ನು ಕೇಳಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಬಲವಿದೆ. ಆದರೆ ಹಕ್ಕು ಸಾಬೀತಾಗುವುದು ಕಾಗದದ ಮೇಲೆ. ಹೆಡ್‌ಮಾಸ್ಟರ್ ಬರೆದುಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೀಳಬೇಕು. ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ ಸರಿಯಿರಬೇಕು. ಹೆಸರಿನ ಇನಿಷಿಯಲ್ ಎಲ್ಲ ದಾಖಲೆಗಳಲ್ಲೂ ಒಂದೇ ಇರಬೇಕು. ಕೊನೆಯ ದಿನ ನಾಡಕಚೇರಿಯ ಸರದಿಯಲ್ಲಿ ಬೆವರುವ ಬದಲು, ಮೊದಲ ಪಿಯುಸಿಯ ರಜೆಯಲ್ಲೇ ಈ ಕೆಲಸ ಮುಗಿಸಿ.

ಅಂಕ ಕಡಿಮೆ ಬಂತೇ? ದ್ವಿತೀಯ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಎಂಜಿನಿಯರಿಂಗ್ ಬೇಡವೇ? ಬಿಎ, ಬಿಕಾಂ, ಬಿಎಸ್ಸಿಗೆ ಸರ್ಕಾರಿ ಪದವಿ ಕಾಲೇಜುಗಳಿವೆ. ಕಲಬುರಗಿ ಜಿಲ್ಲೆಯ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿಗಳಿಗೆ ಬೇಕಾದ ಸಿಯುಇಟಿ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಇವತ್ತೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿ ತೆರೆಯಿರಿ. ನಿಮಗೆ ಬೇಕಾದ ಕೋರ್ಸಿನ ಅರ್ಹತೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅಪ್ಪ-ಅಮ್ಮನಿಗೂ ಓದಿ ಹೇಳಿ, ತಮ್ಮ-ತಂಗಿಯರಿಗೂ ತಿಳಿಸಿ. ನಮ್ಮಂಥವರಿಗೆ ಅಲ್ಲಿ ಜಾಗವಿಲ್ಲ ಎಂಬ ಮಾತನ್ನು ಇನ್ನು ಆಡಬೇಡಿ. ಓದಿ, ಅರ್ಹರಾಗಿ, ಧೈರ್ಯವಾಗಿ ಅರ್ಜಿ ಹಾಕಿ!