ಎತ್ತು ಹೋದ ಮೇಲೆ ಗಂಡಾಳಿನ ಕೆಲಸ

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಭತ್ತದ ತಳಿ, ಗೊಬ್ಬರ, ರೋಗಗಳ ವಿಚಾರವನ್ನು ನನ್ನ ಸಹೋದ್ಯೋಗಿಗಳು ಬೆಳಿಗ್ಗೆಯೇ ವಿವರಿಸಿದ್ದಾರೆ. ನಾನು ಬೇಸಾಯ ಮಾಡುವ ಆಳಿನ ವಿಚಾರ, ಅದರಲ್ಲಿಯೂ ಗಂಡಾಳಿನ ವಿಚಾರ ಹೇಳಬೇಕೆಂದಿದ್ದೇನೆ. ಕೆಲವು ಮಾತು ಕಹಿ ಎನಿಸಬಹುದು. ನಾನೂ ರೈತನ ಮಗನೇ ಆದ್ದರಿಂದ ಆ ಕಹಿಯಲ್ಲಿ ನನಗೂ ಪಾಲಿದೆ.

ನಮ್ಮ ತಂದೆಯ ಕಾಲದಲ್ಲಿ ಕೆಲಸದ ಹಂಚಿಕೆ ಹೇಗಿತ್ತೆಂಬುದನ್ನು ಇಲ್ಲಿರುವ ಹಿರಿಯರು ಬಲ್ಲರು. ಉಳುವುದು, ಗದ್ದೆ ಮಟ್ಟ ಮಾಡುವುದು, ಗೊಬ್ಬರದ ಗಾಡಿ ಹೊಡೆಯುವುದು, ಬದು ಕಡಿಯುವುದು, ಕಣದಲ್ಲಿ ಒಕ್ಕುವುದು ಗಂಡಸರ ಪಾಲು. ಸಸಿ ಕೀಳುವುದು, ನಾಟಿ, ಕಳೆ, ಕೇರುವುದು ಹೆಂಗಸರ ಪಾಲು. ಕುಯ್ಲಿಗೆ ಇಬ್ಬರೂ ಇಳಿಯುತ್ತಿದ್ದರು. ರಾಗಿ ಹೊಲದಲ್ಲಿ ಕೂರಿಗೆಯ ಎತ್ತು ಹೊಡೆಯುವವನು ಗಂಡಸು. ಅದರ ಹಿಂದೆ ನಡೆದು ಅಕ್ಕಡಿ ಸಾಲಿಗೆ ಅವರೆ, ತೊಗರಿ ಕಾಳು ಬಿಡುವವಳು ಹೆಂಗಸು. ಗಮನಿಸಿ ನೋಡಿದರೆ ಎತ್ತು ಇದ್ದ ಕಡೆಯಲ್ಲೆಲ್ಲ ಗಂಡಸಿದ್ದ. ಬರಿಗೈಯಿಂದ, ಬೆನ್ನು ಬಗ್ಗಿಸಿ ಮಾಡಬೇಕಾದ ಕಡೆ ಹೆಚ್ಚಾಗಿ ಹೆಂಗಸಿದ್ದಳು.

ಈಗ ಎತ್ತು ಹೋಗಿದೆ. ಒಂದು ಜೊತೆ ಎತ್ತು ದಿನವೆಲ್ಲ ಉತ್ತರೂ ಎಕರೆ ಮುಗಿಯುವುದು ಕಷ್ಟವಿತ್ತು. ಟ್ರ್ಯಾಕ್ಟರು ಅದನ್ನು ಗಂಟೆ, ಒಂದೂವರೆ ಗಂಟೆಯಲ್ಲಿ ಮುಗಿಸುತ್ತದೆ. ಕಟಾವು ಯಂತ್ರ ಬಂದ ಮೇಲೆ ಕಣ ಮಾಡುವವರೇ ವಿರಳ. ಗಂಡಾಳಿಗೆ ಮರ್ಯಾದೆ ತಂದುಕೊಟ್ಟಿದ್ದ ಕೆಲಸಗಳೇ ಮೊದಲು ಯಂತ್ರದ ಪಾಲಾದವು. ಕಳೆ ಕೀಳುವ ಕೆಲಸವಾದರೋ ಇದ್ದಲ್ಲೇ ಇದೆ.

ಕೆಲಸ ಕಡಿಮೆಯಾದಂತೆ ಗಂಡಸರು ಊರು ಬಿಟ್ಟರು. ಗಾರೆ ಕೆಲಸ, ವಾಹನ ಚಾಲನೆ, ಕಾರ್ಖಾನೆ, ಕಾವಲು ಕೆಲಸ ಹೀಗೆ ಸಿಕ್ಕಿದ್ದನ್ನು ಹಿಡಿದರು. 2001ರ ಜನಗಣತಿಯಲ್ಲಿ ದೇಶದ ಸಾಗುವಳಿದಾರರು ಸುಮಾರು 12.7 ಕೋಟಿ, 2011ರಲ್ಲಿ 11.9 ಕೋಟಿ. 2023-24ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ದುಡಿಯುವ ಗಂಡಸರಲ್ಲಿ ನೂರಕ್ಕೆ ಸುಮಾರು 36 ಮಂದಿ ಬೇಸಾಯದಲ್ಲಿದ್ದರೆ, ದುಡಿಯುವ ಹೆಂಗಸರಲ್ಲಿ ನೂರಕ್ಕೆ 64 ಮಂದಿ ಅದರಲ್ಲಿದ್ದಾರೆ. ಆದರೆ 2015-16ರ ಕೃಷಿಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಗೇಯ್ಮೆ ಒಬ್ಬರದು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು.

ಊರಿನಲ್ಲೇ ಉಳಿದ ಹುಡುಗರ ಪಾಡೇನು? 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಬೇಡಿಕೊಳ್ಳುತ್ತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದುದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ಎಕರೆ ನೀರಾವರಿ ಇರುವ ಹುಡುಗನನ್ನು ತೋರಿಸಿದರೆ, "ಹುಡುಗನಿಗೆ ಕೆಲಸ ಏನು?" ಎಂದು ಕೇಳುವ ಕಾಲ ಬಂದಿದೆ. ಕೇಳುವವರೂ ರೈತರೇ! ಆದರೆ ಹೆಣ್ಣಿನ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಆಕೆ ಚಿಕ್ಕಂದಿನಿಂದ ತನ್ನ ತಾಯಿ ಕೆಸರಿನಲ್ಲಿ ಬಗ್ಗಿ ನಿಂತುದನ್ನು ನೋಡಿದ್ದಾಳೆ. ಆಕೆ ಬೇಡವೆನ್ನುವುದು ಈ ಹುಡುಗನನ್ನೋ, ಆ ಬಗ್ಗಿದ ಬೆನ್ನನ್ನೋ?

ಹೋದ ಮುಂಗಾರಿನಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಗದ್ದೆಯಲ್ಲಿ ಎಂಟು ಮಂದಿ ಹೆಂಗಸರು ಕಳೆ ಕೀಳುತ್ತಿದ್ದರು. ಯಜಮಾನರು ಬದುವಿನ ಮೇಲೆ ಛತ್ರಿ ಹಿಡಿದು ಕುಳಿತಿದ್ದರು. ಇನ್ನೂ ನಾಲ್ಕು ಆಳು ಸಿಗಲಿಲ್ಲವೆಂದು ಅವರಿಗೆ ಚಿಂತೆ. "ನೀವೂ ಇಳಿಯಬಹುದಲ್ಲ ಗೌಡರೇ?" ಎಂದೆ. "ಅದು ಹೆಂಗಸರ ಕೆಲಸ ಅಲ್ವೇ ಸಾರ್" ಎಂದರು. ಅದೇ ಊರಿಗೆ ನಾವು ಕೋನೋವೀಡರ್ ಕೊಟ್ಟೆವು. ಒಂದು ವಾರ ಬಿಟ್ಟು ಹೋದರೆ ಅದನ್ನು ತಳ್ಳುತ್ತಿದ್ದವರೆಲ್ಲ ಗಂಡಸರು, ಅದೇ ಯಜಮಾನರೂ ಸೇರಿ! ಕೈಯಲ್ಲಿ ಕಿತ್ತರೆ ಹೆಂಗಸರ ಕೆಲಸವಾದ ಕಳೆ, ಹಿಡಿಕೆ ಬಂದೊಡನೆ ಗಂಡಸರದಾಯಿತು. ಕೂಲಿಯೂ ಹೆಚ್ಚಾಯಿತೆಂದು ಕೇಳಿದೆ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯ್ದೆ ಬಂದದ್ದು 1976ರಲ್ಲಿ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಗಂಡಾಳು ಗದ್ದೆಗೆ ಮರಳಿದ್ದು ಒಳ್ಳೆಯದು. ಆದರೆ ನಾಟಿ ಯಂತ್ರವೂ ಕಳೆ ಯಂತ್ರವೂ ಗಂಡಸರ ಕೈಗೇ ಹೋದರೆ, ಕಳೆಯ ಕೂಲಿಯನ್ನೇ ನಂಬಿದ ಬಡ ಹೆಂಗಸರು ಏನು ಮಾಡಬೇಕು? ಆದ್ದರಿಂದ ಯಂತ್ರವನ್ನು ಇಬ್ಬರೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ಔಷಧಿ ಸಿಂಪಡಿಸುವ ಡ್ರೋನುಗಳನ್ನು ಮಹಿಳಾ ಸ್ವಸಹಾಯ ಗುಂಪುಗಳಿಗೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿತು. ಬೆನ್ನಿಗೆ ಪಂಪು ಕಟ್ಟಿ ಸಿಂಪಡಿಸುವುದು ಬಹುಪಾಲು ಗಂಡಸರ ಕೆಲಸವಾಗಿತ್ತಲ್ಲವೇ? ಅದು ಅತ್ತ ಹೋಗಬಹುದಾದರೆ ಕಳೆ ಇತ್ತ ಬರುವುದರಲ್ಲಿ ಅವಮಾನವೇನೂ ಇಲ್ಲ.

ಕೋನೋವೀಡರ್ ನಡೆಯಬೇಕಾದರೆ ನಾಟಿ ಸಾಲಿನಲ್ಲಿರಬೇಕು. ಹಗ್ಗ ಹಿಡಿದು, ಸಾಲಿನಿಂದ ಸಾಲಿಗೆ ಮತ್ತು ಗುಣಿಯಿಂದ ಗುಣಿಗೆ 25 ಸೆಂ.ಮೀ. ಬಿಟ್ಟು ನೆಟ್ಟರೆ ಉದ್ದಕ್ಕೂ ಅಡ್ಡಕ್ಕೂ ಹಾಯಿಸಬಹುದು. ನಾಟಿಯಾದ 10-12 ದಿನಕ್ಕೆ ಮೊದಲ ಸಲ, ಆಮೇಲೆ 10 ದಿನಕ್ಕೊಮ್ಮೆ ಇನ್ನೆರಡು ಮೂರು ಸಲ. ಗದ್ದೆಯಲ್ಲಿ ತೆಳುವಾಗಿ ನೀರು ನಿಂತಿರಬೇಕು. ಒಣಗಿದ ಮಣ್ಣಿನಲ್ಲಿ ಅದು ಓಡದು. ಒಂದೇ ಸಮನೆ ದೂಡದೆ ಹಿಂದಕ್ಕೂ ಮುಂದಕ್ಕೂ ಆಡಿಸಿ. ಕಳೆ ಮಣ್ಣಿನಲ್ಲಿ ಹೂತು ಗೊಬ್ಬರವಾಗುತ್ತದೆ. ಬುಡದಲ್ಲಿ ಉಳಿದುದನ್ನು ಮಾತ್ರ ಕೈಯಿಂದ ತೆಗೆಯಬೇಕು. ತೋಳಿಗೆ ಶ್ರಮವಿದೆ, ಇಲ್ಲವೆನ್ನಲಾರೆ. ಗಂಡ ಹೆಂಡತಿ ಸರದಿಯಂತೆ ಹಿಡಿದರೆ ಹಗುರ.

ಇನ್ನೊಂದು ಮಾತು. ಪಟ್ಟಣಕ್ಕೆ ದುಡಿಯಲು ಹೋಗುವವರು ಹೊರಡುವ ಮೊದಲು ಜಮೀನನ್ನು ಜಂಟಿ ಖಾತೆ ಮಾಡಿಸುವ ವಿಚಾರ ಮನೆಯಲ್ಲಿ ಮಾತನಾಡಿ. ಬೆಳೆ ಸಾಲಕ್ಕಾಗಲಿ, ವಿಮೆಗಾಗಲಿ ಪಹಣಿಯಲ್ಲಿರುವ ಹೆಸರನ್ನೇ ಕೇಳುತ್ತಾರೆ. ಬೆಳೆ ಮುಳುಗಿದ ದಿನ ಗಂಡ ಬೆಂಗಳೂರಿನಲ್ಲಿದ್ದರೆ, ಬೆಳೆದವಳು ಕಚೇರಿಯ ಬಾಗಿಲಲ್ಲಿ ನಿಂತು ತಾನು ರೈತಳೆಂದು ಸಾಧಿಸಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದಲೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು.

ಊಟವಾದ ಮೇಲೆ ಪಕ್ಕದ ಗದ್ದೆಯಲ್ಲಿ ಪ್ರಾತ್ಯಕ್ಷಿಕೆ ಇದೆ. ನಾಟಿಯಾಗಿ ಇಂದಿಗೆ 11 ದಿನ. ನಾಲ್ಕು ವೀಡರ್ ತಂದಿದ್ದೇವೆ. ಹೆಂಗಸರು ಮೊದಲು ಹಿಡಿದು ನೋಡಲಿ. ಗಂಡಸರು ಪಂಚೆ ಎತ್ತಿ ಕಟ್ಟಿ, ಬುಡದಲ್ಲಿ ಉಳಿದ ಕಳೆ ಕೀಳಲು ಇಳಿಯಿರಿ. ನಾನೂ ಇಳಿಯುತ್ತೇನೆ.