ಮಧುಮೇಹವೂ ಸ್ನಾಯುವಿನ ಒಲೆಯೂ



ಮಧುಮೇಹಿಗಳು ಮೈಭಾರವನ್ನು ಇಳಿಸಬೇಕೆಂಬ ವೈದ್ಯರ ಮಾತು ಎಲ್ಲರ ಕಿವಿಗೂ ಬಿದ್ದಿರುವದು. ಆದರೆ ಭಾರವಿಳಿದಾಗ ಶರೀರದೊಳಗೆ ಯಾವುದು ನೆಟ್ಟಗಾಗುವದು, ಯಾವುದು ಇದ್ದ ಹಾಗೆಯೇ ಉಳಿಯುವದು ಎಂದು ವಿಚಾರಿಸುವವರು ವಿರಳ. ಪ್ರೌಢವಯಸ್ಸಿನವರಲ್ಲಿ ಬಹುವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹವನ್ನು ಕುರಿತೇ ಈ ವಿಚಾರವು.

ಉಂಡ ಅನ್ನದಿಂದ ಹುಟ್ಟಿದ ಸಕ್ಕರೆಗೆ ದೊಡ್ಡ ಕಣಜವೆಂದರೆ ಸ್ನಾಯುವೇ. ಇನ್ಸುಲಿನ್ನಿನ ಅಪ್ಪಣೆಯಾದೊಡನೆ ಅದು ಸಕ್ಕರೆಯನ್ನು ಒಳಗೆ ಸೆಳೆದು ಗ್ಲೈಕೋಜನ್ನಿನ ರೂಪದಲ್ಲಿ ಕೂಡಿಡುವದು. ೧೯೯೦ರಲ್ಲಿ ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಮತ್ತು ಸಂಗಡಿಗರು ಕಾಂತಶಕ್ತಿಯ ಯಂತ್ರದ ಸಹಾಯದಿಂದ, ಮೈಯನ್ನು ಕೊಯ್ಯದೆಯೇ, ಮೀನಖಂಡದಲ್ಲಿ ಈ ಕಾರ್ಯದ ವೇಗವನ್ನು ಅಳೆದರು. ಮಧುಮೇಹಿಗಳಲ್ಲಿ ಅದು ಆರೋಗ್ಯವಂತರ ಅರ್ಧಕ್ಕಿಂತಲೂ ಕಡಿಮೆಯಾಗಿದ್ದಿತು. ಕಣಜದ ಬಾಗಿಲೇ ಸರಿಯಾಗಿ ತೆರೆಯದಿದ್ದರೆ ಧಾನ್ಯವು ಬೀದಿಯಲ್ಲಿ ಬೀಳದೆ ಮತ್ತೇನಾದೀತು?

ಸ್ನಾಯುವಿನ ಒಲೆಗೆ ಸೌದೆಗಳು ಎರಡು. ಹೊಟ್ಟೆ ಬರಿದಾಗಿರುವಾಗ ಕೊಬ್ಬನ್ನೂ ಊಟವಾದ ಮೇಲೆ ಸಕ್ಕರೆಯನ್ನೂ ಉರಿಸುವದು ಅದರ ಧರ್ಮ. ಮಧುಮೇಹಿಯ ಸ್ನಾಯುವು ಒಂದರಿಂದ ಮತ್ತೊಂದಕ್ಕೆ ಸಲೀಸಾಗಿ ಹೊರಳಲಾರದು. ಉರಿಯುವ ಸ್ಥಾನಗಳಾದ ಮೈಟೋಕಾಂಡ್ರಿಯಾಗಳೂ ಅಂಥವರಲ್ಲಿ ಗಾತ್ರದಲ್ಲಿ ಕಿರಿದಾಗಿರುವವೆಂದು ಪಿಟ್ಸ್‌ಬರ್ಗಿನ ಡೇವಿಡ್ ಕೆಲ್ಲಿಯವರ ಬಳಗವು ೨೦೦೨ರಲ್ಲಿ ಪ್ರಕಟಿಸಿತು.

ಇನ್ನು ಭಾರವಿಳಿಸಿದರೆ ಆಗುವದೇನು? ಇಂಗ್ಲಂಡದ ನ್ಯೂಕಾಸಲ್ಲಿನಲ್ಲಿ ರಾಯ್ ಟೇಲರರು ಹನ್ನೊಂದು ಮಧುಮೇಹಿಗಳನ್ನು ಎಂಟು ವಾರ ದಿನಕ್ಕೆ ಸುಮಾರು ೬೦೦ ಕ್ಯಾಲೊರಿಗಳ ಆಹಾರದಲ್ಲಿಟ್ಟು ೨೦೧೧ರಲ್ಲಿ ಫಲವನ್ನು ಪ್ರಕಟಿಸಿದರು. ಒಂದೇ ವಾರದಲ್ಲಿ ಬರಿಹೊಟ್ಟೆಯ ಸಕ್ಕರೆಯು ಸಹಜಸ್ಥಿತಿಗೆ ಬಂದಿತು. ಯಕೃತ್ತಿನ ಕೊಬ್ಬು ಕರಗಿತು. ಮೇದೋಜೀರಕಾಂಗವು ಮರಳಿ ಇನ್ಸುಲಿನ್ನನ್ನು ಸುರಿಸತೊಡಗಿತು. (ಇಂಥ ವ್ರತವನ್ನು ವೈದ್ಯರ ಕಣ್ಗಾವಲಿಲ್ಲದೆ ಹಿಡಿಯತಕ್ಕದ್ದಲ್ಲ; ಗುಳಿಗೆ, ಇನ್ಸುಲಿನ್ನುಗಳನ್ನು ತಗ್ಗಿಸದೆ ಅನ್ನವನ್ನು ಮಾತ್ರ ತಗ್ಗಿಸಿದರೆ ಸಕ್ಕರೆಯು ಕುಸಿದು ಪ್ರಾಣಕ್ಕೇ ಸಂಚಕಾರ.) ಆದರೆ ಇಷ್ಟೆಲ್ಲ ಆದರೂ ಆ ಎಂಟು ವಾರಗಳಲ್ಲಿ ಸ್ನಾಯುವಿನ ಮೊಂಡುತನವು ಹೇಳಿಕೊಳ್ಳುವಷ್ಟು ಕರಗಲಿಲ್ಲ. ಶುಲ್ಮನ್ನರ ಬಳಗವೂ ೨೦೦೫ರಲ್ಲಿ ಇದನ್ನೇ ಕಂಡಿದ್ದಿತು: ಮೊದಲು ಗುಣವಾದದ್ದು ಯಕೃತ್ತು, ಸ್ನಾಯುವಲ್ಲ.

ಹಾಗಾದರೆ ಸ್ನಾಯುವಿಗೆ ಮದ್ದಿಲ್ಲವೇ? ಪಿಟ್ಸ್‌ಬರ್ಗಿನಲ್ಲಿಯೇ ಫ್ರೆಡರಿಕೋ ಟೊಲೆಡೊ ಮೊದಲಾದವರು ಮಧುಮೇಹವಿಲ್ಲದ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಿತಾಹಾರವನ್ನು ಮಾತ್ರವೂ ಮತ್ತೊಂದಕ್ಕೆ ಮಿತಾಹಾರದೊಡನೆ ವ್ಯಾಯಾಮವನ್ನೂ ವಿಧಿಸಿದರು. ೨೦೦೮ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಎರಡೂ ಗುಂಪಿನವರ ಭಾರವಿಳಿಯಿತು, ಎರಡರಲ್ಲಿಯೂ ಇನ್ಸುಲಿನ್ನಿನ ಮಾತು ಮೊದಲಿಗಿಂತ ಚೆನ್ನಾಗಿ ನಡೆಯಿತು. ಆದರೆ ಮೈಟೋಕಾಂಡ್ರಿಯಾಗಳು ವೃದ್ಧಿಯಾದದ್ದು ಮೈದಂಡಿಸಿದವರಲ್ಲಿ ಮಾತ್ರ. ಮಧುಮೇಹಿಗಳು ಆಹಾರವನ್ನು ಮಿತಗೊಳಿಸಿ ವ್ಯಾಯಾಮವನ್ನೂ ಮಾಡಿದಾಗ ಅವು ಬೆಳೆಯುವವೆಂಬುದನ್ನು ಅದೇ ಬಳಗವು ಹಿಂದಿನ ವರ್ಷವೇ ತೋರಿಸಿದ್ದಿತು. ಹೊರೆಯನ್ನು ಇಳಿಸುವದು ಬೇರೆ, ಒಲೆಯನ್ನು ಕಟ್ಟುವದು ಬೇರೆ. ತಕ್ಕಡಿಯ ಮುಳ್ಳು ಮೊದಲನೆಯದನ್ನು ಹೇಳುವದೇ ಹೊರತು ಎರಡನೆಯದನ್ನು ಅರಿಯದು.

ಬರಿಯ ಉಪವಾಸದಿಂದ ಇಳಿಸಿದ ಭಾರದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಸೇರಿ ಹೋಗುವದುಂಟು. ವೃದ್ಧರಿಗೆ ಇದು ದೊಡ್ಡ ನಷ್ಟ. ತೆಳ್ಳಗಾದೆವೆಂಬ ಸಂತೋಷದಲ್ಲಿ ಏಳುವ ಕೂರುವ ಬಲವನ್ನೇ ಕಳೆದುಕೊಂಡವರುಂಟು. ಆದುದರಿಂದಲೇ ಬೇಳೆಕಾಳು, ಹಾಲುಮಜ್ಜಿಗೆಗಳ ಸತ್ವಾಹಾರವನ್ನು ಬಿಡಬಾರದೆಂದೂ, ನಡಿಗೆಯೊಡನೆ ಭಾರವೆತ್ತುವ ಕೆಲಸವೂ ಇರಬೇಕೆಂದೂ ವೈದ್ಯರು ಹೇಳುವರು. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ಸಕ್ಕರೆಯನ್ನು ಸೆಳೆದುಕೊಳ್ಳುವದು. ದುಡಿತವು ನಿಂತ ಮೇಲೆಯೂ ಒಂದೆರಡು ದಿನ ಆ ಬಾಗಿಲು ಸಡಿಲವಾಗಿಯೇ ಇರುವದು. ಆಮೇಲೆ ಮೆಲ್ಲಗೆ ಮತ್ತೆ ಬಿಗಿಯುವದು.