ಇಬ್ಬರ ಜಗಳ ಊರಿನ ಬೆಂಕಿಯಾಗದಿರಲಿ



ಸಾರ್ವಜನಿಕ ಸ್ಥಳದಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿ ಹೊಡೆದಾಡಿ ಶಾಂತಿಗೆ ಭಂಗ ತರುವುದು ಅಪರಾಧ. ಭಾರತೀಯ ದಂಡ ಸಂಹಿತೆಯ 160ನೆಯ ಕಲಮು ಇದಕ್ಕೆ ಒಂದು ತಿಂಗಳವರೆಗಿನ ಸೆರೆವಾಸ ಅಥವಾ 100 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 194ನೆಯ ಕಲಮು ದಂಡವನ್ನಷ್ಟೇ 1,000 ರೂಪಾಯಿಗೆ ಏರಿಸಿದೆ.

ಶಿಕ್ಷೆ ಸಣ್ಣದೆಂದು ಹಗುರವಾಗಿ ಕಾಣುವವರು ಗಂಗಾವತಿ ತಾಲೂಕಿನ ಮರಕುಂಬಿಯನ್ನು ನೆನೆಯಲಿ. 2014ರ ಆಗಸ್ಟ್‌ನಲ್ಲಿ ಚಿತ್ರಮಂದಿರವೊಂದರಲ್ಲಿ ನಡೆದ ಜಗಳ ಅಲ್ಲಿಗೇ ಮುಗಿಯಬಹುದಿತ್ತು. ಅದು ಜಾತಿಯ ಪ್ರತಿಷ್ಠೆಯಾಯಿತು. ಗುಂಪು ದಲಿತರ ಕೇರಿಗೆ ನುಗ್ಗಿತು, ಗುಡಿಸಲುಗಳು ಉರಿದವು. ಅದು ಜಗಳವಲ್ಲ, ದೌರ್ಜನ್ಯ. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳು ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು ದೊರೆಯಿತು. ಆದರೆ ನೊಂದವರು ನ್ಯಾಯಕ್ಕಾಗಿ ಕಾದ ಹತ್ತು ವರ್ಷಗಳನ್ನು ಮರಳಿ ಕೊಡುವವರು ಯಾರು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಯುವಕರೇ, ಇಬ್ಬರ ಜಗಳಕ್ಕೆ ಜಾತಿ, ಧರ್ಮದ ಹೆಸರಿಡಬೇಡಿ. ದುರ್ಬಲರ ಮೇಲಿನ ದಾಳಿಯನ್ನು ‘ಬರೀ ಜಗಳ’ವೆಂದು ಮುಚ್ಚಿಡಲೂ ಬೇಡಿ. ಬೀದಿಯಲ್ಲಿ ಕೈ ಎತ್ತಿದವನು ನಮ್ಮವನಾದರೆ, ಆ ಕೈಯನ್ನು ಮೊದಲು ಹಿಡಿಯಬೇಕಾದವರು ನಾವೇ.